ಓದುಗರ ಪ್ರಶ್ನೆಗೆ ಉತ್ತರ: ಜೀನ್ ನಿಲ್ಲಿಸಿ ಕೊಡುವ ಲ್ಯಾಬ್‌ನಲ್ಲಿ ಏನು ಕೆಲಸ?

ಈ ತಿಂಗಳು ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಒಂದೇ ವಿಷಯದ ಸುತ್ತ ಇವೆ. ಲ್ಯಾಬ್‌ನಲ್ಲಿ ಬೆಳೆಸುವ ಜೀವಕೋಶ, ಅದರೊಳಗಿನ ಜೀನ್ (ವಂಶವಾಹಿ), ಆ ಜೀನ್‌ನ ಕೆಲಸವನ್ನು ಬೇರೆಯವರಿಗಾಗಿ ನಿಲ್ಲಿಸಿಯೋ ಬದಲಿಸಿಯೋ ಕೊಡುವ ಕಂಪನಿಗಳು. ಬೆಂಗಳೂರಿನಲ್ಲಿ 26 ವರ್ಷ ನಾನು ಮಾಡಿದ್ದು ಇದೇ ಕೆಲಸ. ಹೊಸನಗರದ ಮನೆಗೆ ವಾಪಸ್ ಬಂದು ನಾಲ್ಕು ಮಳೆಗಾಲ ಕಳೆದವು. ಕೈ ಇನ್ನೂ ಆ ಕೆಲಸವನ್ನು ಮರೆತಿಲ್ಲ.

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದ ಅಡಿಕೆ ಬೆಳೆಗಾರರು. ಮಗಳು ಎಂ.ಎಸ್ಸಿ ಮುಗಿಸಿ ಬೆಂಗಳೂರಿನ ಒಂದು ಕಂಪನಿಗೆ ಸೇರಿದ್ದಾಳೆ. ಸೆಲ್ ಲೈನ್‌ಗಳಲ್ಲಿ ಜೀನ್ ನಾಕೌಟ್ ಮಾಡಿ ಕೊಡುವ ಕೆಲಸವಂತೆ. ಭಾನುವಾರವೂ ಲ್ಯಾಬ್‌ಗೆ ಹೋಗುತ್ತಾಳೆ. ದೀಪಾವಳಿಗೆ ಬಂದವಳು ಎರಡೇ ದಿನ ಇದ್ದು ಹೋದಳು. ಏನು ಕೆಲಸ ಎಂದು ಕೇಳಿದರೆ ಹೇಳುತ್ತಾಳೆ, ನನಗೆ ಅರ್ಥವಾಗುವುದಿಲ್ಲ. ಜೀವ ತೆಗೆಯುವ ಕೆಲಸ ಅಲ್ಲ ತಾನೆ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳುತ್ತೇನೆ. ಅಲ್ಲ. ನಿಮ್ಮ ಮಗಳ ಕೈಯಲ್ಲಿ ಇರುವುದು ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಅಂಟಿಕೊಂಡು ಬೆಳೆಯುವ ಜೀವಕೋಶಗಳು. ನೋವು ಗೊತ್ತಾಗಬೇಕಾದರೆ ನರ ಬೇಕು, ಮಿದುಳು ಬೇಕು. ಆ ಬಾಟಲಿಯಲ್ಲಿ ಅವು ಯಾವುದೂ ಇಲ್ಲ.

ನಿಮ್ಮ ಮನೆಯಲ್ಲಿ ಹೆಪ್ಪು ಹಾಕುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ನಿನ್ನೆಯ ಮೊಸರಿನಿಂದ ಒಂದು ಚಮಚ ಇವತ್ತಿನ ಹಾಲಿಗೆ, ಇವತ್ತಿನದರಿಂದ ನಾಳೆಗೆ. ನಮ್ಮ ಮನೆಯ ಹೆಪ್ಪು ಅಜ್ಜಿಯ ತವರಿನಿಂದ ಬಂದದ್ದು ಎಂದು ಅಮ್ಮ ಹೇಳುತ್ತಿದ್ದರು. ಅಜ್ಜಿ ಹೋಗಿ ಎಷ್ಟೋ ವರ್ಷವಾಗಿತ್ತು, ಹೆಪ್ಪು ಮಾತ್ರ ನಡೆದೇ ಇತ್ತು. ಸೆಲ್ ಲೈನ್ ಅಂದರೆ ಹೀಗೆಯೇ. ಯಾವಾಗಲೋ ಒಂದು ಸಲ ದೇಹದಿಂದ ತೆಗೆದ ಕೋಶಗಳು ಬಾಟಲಿಯಲ್ಲಿ ಬೆಳೆಯುತ್ತಾ ಹೋಗುತ್ತವೆ. ಬಾಟಲಿ ತುಂಬಿದಾಗ ಸ್ವಲ್ಪ ತೆಗೆದು ಹೊಸ ಬಾಟಲಿಗೆ ಹಾಕುತ್ತಾರೆ. ನಿಮ್ಮ ಮಗಳು ಬಹುಶಃ ದಿನವೂ ಮುಟ್ಟುವ ಒಂದು ಸೆಲ್ ಲೈನ್ ಹೆಕ್293. ಅದು ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ 1973ರಲ್ಲಿ ಒಂದು ಭ್ರೂಣದ ಮೂತ್ರಪಿಂಡದ ಕೋಶಗಳಿಂದ ಶುರುವಾದದ್ದು. ಮಾಡಿದವರು ಫ್ರಾಂಕ್ ಗ್ರಹಾಂ. ಅದು ಅವರ 293ನೇ ಪ್ರಯೋಗ, ಹಾಗಾಗಿ ಆ ಹೆಸರು. ಐವತ್ತು ವರ್ಷ ದಾಟಿದರೂ ಆ ಹೆಪ್ಪು ಲೋಕದ ತುಂಬ ನಡೆಯುತ್ತಿದೆ.

ಈಗ ಭಾನುವಾರದ ವಿಷಯ. ಈ ಕೋಶಗಳು ಹೆಚ್ಚುಕಡಿಮೆ ಒಂದು ದಿನಕ್ಕೆ ಎರಡಷ್ಟಾಗುತ್ತವೆ. ಅವಕ್ಕೆ 37 ಡಿಗ್ರಿ ಶಾಖ ಬೇಕು, ಸುತ್ತಲಿನ ಗಾಳಿಯಲ್ಲಿ ಶೇಕಡಾ 5ರಷ್ಟು ಕಾರ್ಬನ್ ಡೈಆಕ್ಸೈಡ್ ಬೇಕು. ಎರಡು ಮೂರು ದಿನಕ್ಕೊಮ್ಮೆ ಆಹಾರದ ದ್ರವ ಬದಲಿಸಬೇಕು. ಶುಕ್ರವಾರ ಬಿಟ್ಟು ಸೋಮವಾರ ನೋಡೋಣ ಎಂದರೆ ಕೆಲವು ಸಲ ಕೋಶಗಳು ಬಾಟಲಿ ತುಂಬಿ ಸಾಯತೊಡಗಿರುತ್ತವೆ. ಕರೆಯುವ ಹಸು ಕೊಟ್ಟಿಗೆಯಲ್ಲಿದ್ದರೆ ಮದುವೆ ಮನೆಯಲ್ಲಿ ರಾತ್ರಿ ನಿಲ್ಲಲು ಆಗುತ್ತದಾ? ಇದೂ ಹಾಗೇ. ಮಗಳ ಮೇಲೆ ಬೇಜಾರು ಮಾಡಿಕೊಳ್ಳಬೇಡಿ.

ನಾಕೌಟ್ ಅಂದರೆ ಒಂದು ಜೀನ್‌ನ ಕೆಲಸವನ್ನು ಪೂರ್ತಿ ನಿಲ್ಲಿಸುವುದು. ಜೀನ್ ನಿಲ್ಲಿಸುವುದು ಯಾಕೆ ಎಂದರೆ, ಆ ಜೀನ್ ಏನು ಮಾಡುತ್ತದೆ ಎಂದು ತಿಳಿಯಲು. ತೋಟಕ್ಕೆ ಬರುವ ಅಬ್ಬಿ ನೀರು ಹತ್ತು ಕವಲಾಗಿ ಹೋಗುತ್ತದೆ ಅಂದುಕೊಳ್ಳಿ. ಯಾವ ಕವಲು ಯಾವ ಸಾಲಿಗೆ ಎಂದು ಗೊತ್ತಾಗದಿದ್ದರೆ ಒಂದಕ್ಕೆ ಮಣ್ಣು ಒಟ್ಟಿ ನೋಡುತ್ತೀರಿ. ಯಾವ ಸಾಲು ಒಣಗಿತೋ ಆ ಕವಲು ಅದರದ್ದು. ಮನುಷ್ಯನ ಕೋಶದಲ್ಲಿ ಪ್ರೋಟೀನ್ ಮಾಡಿಸುವ ಜೀನ್‌ಗಳು ಸುಮಾರು 20,000 ಇವೆ. ಔಷಧ ಕಂಪನಿಯವರಿಗೆ, ಕಾಲೇಜಿನವರಿಗೆ ಯಾವುದೋ ಒಂದರ ಕೆಲಸ ತಿಳಿಯಬೇಕಿರುತ್ತದೆ. ಮಣ್ಣು ಒಟ್ಟುವ ಕೆಲಸವನ್ನು ಅವರು ನಿಮ್ಮ ಮಗಳ ಲ್ಯಾಬ್‌ಗೆ ಒಪ್ಪಿಸುತ್ತಾರೆ. ಅಷ್ಟೇ.

ಒಂದು ವಿಷಯ ಮುಚ್ಚಿಡುವುದಿಲ್ಲ. ಕೋಶಗಳ ಆಹಾರದ ದ್ರವದಲ್ಲಿ ಸಾಮಾನ್ಯವಾಗಿ ಹತ್ತನೇ ಒಂದು ಭಾಗ ಕರುವಿನ ಸೀರಮ್ ಇರುತ್ತದೆ. ಕಡಿದ ಹಸುವಿನ ಹೊಟ್ಟೆಯಲ್ಲಿದ್ದ, ಇನ್ನೂ ಹುಟ್ಟದ ಕರುವಿನ ರಕ್ತದಿಂದ ತೆಗೆದದ್ದು. ಕೊಟ್ಟಿಗೆಯಿದ್ದ ಮನೆಯಲ್ಲಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳಲು ತುಂಬ ಕಾಲ ಬೇಕಾಯಿತು. ಸೀರಮ್ ಇಲ್ಲದ ದ್ರವಗಳು ಈಗ ಬಂದಿವೆ, ಎಲ್ಲ ಕೋಶಗಳೂ ಅವಕ್ಕೆ ಇನ್ನೂ ಹೊಂದಿಕೊಂಡಿಲ್ಲ. ಮಗಳ ಮನಸ್ಸಿನಲ್ಲೂ ಇದು ಇರಬಹುದು. ಮುಂದಿನ ಸಲ ಬಂದಾಗ ಕೇಳಿ, ಅವಳು ಹೇಳಿಯಾಳು.

ಪ್ರಶ್ನೆ: ಶಂಕರಘಟ್ಟದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಕ್ಯಾನ್ಸರ್ ಕೋಶಗಳಲ್ಲಿ ಒಂದು ಜೀನ್‌ನ ಕೆಲಸ ನಿಲ್ಲಿಸಿ ನೋಡಬೇಕಿದೆ. ಹೊರಗಿನ ಕಂಪನಿಗೆ ಕೊಟ್ಟು ಮಾಡಿಸೋಣ ಎಂದು ನಮ್ಮ ಮೇಡಂ ಹೇಳಿದ್ದಾರೆ. ಕಂಪನಿಯವರು ನಾಕೌಟ್, ನಾಕ್‌ಡೌನ್, ಕ್ರಿಸ್ಪರ್‌ಐ, ಪೂಲ್, ಕ್ಲೋನ್ ಎಂದು ಉದ್ದದ ಪಟ್ಟಿ ಕಳಿಸಿದ್ದಾರೆ. ಹಣ ಒಂದೇ ಸಲಕ್ಕೆ ಆಗುವಷ್ಟಿದೆ. ತಪ್ಪಾದರೆ ಇನ್ನೊಮ್ಮೆ ಮಾಡಿಸಲು ಆಗುವುದಿಲ್ಲ. ಯಾವುದು ತಗೊಳ್ಳಲಿ? ಏನು ಕೇಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಒಂದೇ ಸಲಕ್ಕೆ ಆಗುವಷ್ಟು ಹಣ’ ಎಂಬ ಮಾತು ನನಗೆ ಚೆನ್ನಾಗಿ ಗೊತ್ತಿರುವ ಮಾತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ನೋವಿನ ಕತೆ. ಒಂದು ಪ್ರಾಜೆಕ್ಟಿಗೆ ನಾವು ಹೊರಗಿನ ಒಂದು ಸಂಸ್ಥೆಯಿಂದ ನಾಕೌಟ್ ಸೆಲ್ ಲೈನ್ ಮಾಡಿಸಿದೆವು. ಹೆಸರು ಬೇಡ. ಕೋಶ ತುಂಬಿದ ಎರಡು ವಯಲ್ (ಪುಟ್ಟ ಸೀಸೆ) ಬಂದವು, ಜೊತೆಗೆ ಒಂದು ಹಾಳೆಯ ರಿಪೋರ್ಟ್. ಡಿಎನ್‌ಎಯಲ್ಲಿ ಒಂದು ಅಕ್ಷರ ಹೋಗಿದೆ, ಜೀನ್ ನಿಂತಿದೆ ಎಂದು ಅದರಲ್ಲಿತ್ತು. ನಂಬಿದೆವು. ಆರು ತಿಂಗಳು ಪ್ರಯೋಗ ಮಾಡಿದೆವು. ಜೀನ್ ನಿಲ್ಲಿಸಿದರೂ ಕೋಶಗಳಲ್ಲಿ ಏನೂ ಬದಲಾವಣೆ ಇಲ್ಲ. ಹಾಗಾದರೆ ಈ ಜೀನ್‌ಗೆ ಕೆಲಸವೇ ಇಲ್ಲ ಎಂದು ಬರೆಯಲು ಕೂತಿದ್ದೆವು. ಅಷ್ಟರಲ್ಲಿ ಜೊತೆಯ ಹುಡುಗಿಯೊಬ್ಬಳು ಸುಮ್ನೆ ಒಮ್ಮೆ ನೋಡೋಣ ಎಂದು ವೆಸ್ಟರ್ನ್ ಬ್ಲಾಟ್ ಮಾಡಿದಳು, ಅಂದರೆ ಒಂದು ಪ್ರೋಟೀನ್ ಇದೆಯೋ ಇಲ್ಲವೋ ತೋರಿಸುವ ಪರೀಕ್ಷೆ. ಇರಬಾರದ ಜಾಗದಲ್ಲಿ ಪ್ರೋಟೀನಿನ ಒಂದು ತೆಳು ಗೆರೆ ಕಾಣಿಸಿತು. ಪ್ರೋಟೀನ್ ಇತ್ತು. ಜೀನ್ ನಿಂತೇ ಇರಲಿಲ್ಲ.

ಹೀಗೆ ಹೇಗಾಯಿತು ಎಂದು ತಿಳಿದರೆ ನೀವು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ. ಜೀನ್‌ನ ಅಕ್ಷರಗಳನ್ನು ಕೋಶ ಮೂರು ಮೂರಾಗಿ ಓದುತ್ತದೆ. ಮೂರು ಅಕ್ಷರದ ಪದಗಳ ಒಂದು ವಾಕ್ಯ ಬರೆಯೋಣ: ‘ಮಗಳು ಮರದ ಕೆಳಗೆ ನಿಂತಳು.’ ಇದರಲ್ಲಿ ‘ಗ’ ಒಂದನ್ನು ತೆಗೆದು, ಮತ್ತೆ ಮೂರು ಮೂರಾಗಿಯೇ ಓದಿ. ‘ಮಳುಮ ರದಕೆ ಳಗೆನಿಂ ತಳು.’ ಅರ್ಥವೆಲ್ಲ ಹೋಯಿತು. ನಾಕೌಟ್ ಬಯಸುವುದು ಇದನ್ನೇ. ಈಗ ಒಂದರ ಬದಲು ಪೂರಾ ಮೂರು ಅಕ್ಷರ ಹೋಗಲಿ, ‘ಮರದ’ ಎಂಬುದೇ ಹೋಗಲಿ. ‘ಮಗಳು ಕೆಳಗೆ ನಿಂತಳು.’ ವಾಕ್ಯ ಸರಿಯಾಗಿಯೇ ಇದೆ, ಅಲ್ವಾ? ಕೋಶವೂ ಇದನ್ನು ಸಲೀಸಾಗಿ ಓದಿ ಪ್ರೋಟೀನ್ ಮಾಡುತ್ತದೆ.

ಕ್ರಿಸ್ಪರ್ ವಿಧಾನದಲ್ಲಿ ಕ್ಯಾಸ್9 ಎಂಬ ಕತ್ತರಿ ಡಿಎನ್‌ಎಯನ್ನು ಕತ್ತರಿಸುತ್ತದೆ, ಅಷ್ಟೇ ಅದರ ಕೆಲಸ. ಗೈಡ್ ಆರ್‌ಎನ್‌ಎಯಲ್ಲಿರುವ 20 ಅಕ್ಷರ ಅದಕ್ಕೆ ಜಾಗ ತೋರಿಸುತ್ತವೆ. ತುಂಡಾದ ತುದಿಗಳನ್ನು ಕೂಡಿಸುವುದು ಕೋಶವೇ. ಕೂಡಿಸುವಾಗ ಎಷ್ಟು ಅಕ್ಷರ ಕಳೆಯುತ್ತದೆ, ಎಷ್ಟು ಸೇರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಇನ್ನೊಂದು ಮಾತು. ನಿಮ್ಮ ದೇಹದ ಕೋಶದಲ್ಲಿ ಒಂದು ಜೀನ್‌ಗೆ ಎರಡು ಪ್ರತಿ. ಕ್ಯಾನ್ಸರ್ ಸೆಲ್ ಲೈನ್‌ಗಳಲ್ಲಿ ಹಾಗಿಲ್ಲ. ಮೂರು, ನಾಲ್ಕು ಪ್ರತಿ ಇರುವುದು ಮಾಮೂಲು. ನಮ್ಮ ಕೋಶದಲ್ಲಿ ಮೂರು ಪ್ರತಿ ಇದ್ದವು. ಎರಡರಲ್ಲಿ ಒಂದೊಂದು ಅಕ್ಷರ ಹೋಗಿತ್ತು. ಮೂರನೆಯದರಲ್ಲಿ ಹೋದದ್ದು ಮೂರು ಅಕ್ಷರ. ಆ ಸಂಸ್ಥೆಯವರು ಸುಳ್ಳು ಬರೆದಿರಲಿಲ್ಲ. ಪೂರ್ತಿ ನೋಡಿರಲಿಲ್ಲ. ನಾವೂ ಕೇಳಿರಲಿಲ್ಲ.

ಅದಕ್ಕೇ ನಿಮಗೆ ಹೇಳುವುದು, ಇವತ್ತಿಗೆ ಕತ್ತರಿಸುವುದು ದೊಡ್ಡ ಕೆಲಸ ಅಲ್ಲ. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪಾಂಟಿಯೆ ಕ್ರಿಸ್ಪರ್ ಕತ್ತರಿಯನ್ನು ಬೇಕಾದ ಜಾಗಕ್ಕೆ ತಿರುಗಿಸಬಹುದೆಂದು ತೋರಿಸಿದರು. ಮರುವರ್ಷವೇ ಅದು ಮನುಷ್ಯನ ಕೋಶಗಳಲ್ಲಿ ಕೆಲಸ ಮಾಡಿತು. 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಕತ್ತರಿ ಈಗ ಎಲ್ಲರ ಹತ್ತಿರವೂ ಇದೆ. ನೀವು ದುಡ್ಡು ಕೊಡುವುದು ಪುರಾವೆಗೆ. ಪುರಾವೆ ಕೊಡದವರಿಗೆ ಕೊಡಬೇಡಿ.

ಈಗ ಪಟ್ಟಿಗೆ ಬರೋಣ. ನಿಮ್ಮ ಜೀನ್ ಇಲ್ಲದೆ ಕೋಶ ಬದುಕುತ್ತದಾ? ಇದು ಮೊದಲ ಪ್ರಶ್ನೆ. ಲ್ಯಾಬ್‌ನಲ್ಲಿ ಬೆಳೆಯುವ ಮನುಷ್ಯನ ಕೋಶಗಳಲ್ಲಿ ಹತ್ತರಲ್ಲಿ ಒಂದರಷ್ಟು ಜೀನ್‌ಗಳು ಪ್ರಾಣಕ್ಕೇ ಬೇಕಾದಂಥವು. ಅವುಗಳನ್ನು ಪೂರ್ತಿ ನಿಲ್ಲಿಸಿದರೆ ಕೋಶ ಸಾಯುತ್ತದೆ. ತಿಂಗಳುಗಟ್ಟಲೆ ಕಾದ ಮೇಲೆ ‘ಕ್ಲೋನ್ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ, ಹಣ ಮಾತ್ರ ವಾಪಸ್ ಬರುವುದಿಲ್ಲ. ಅಂಥ ಜೀನ್ ಆದರೆ ನಾಕ್‌ಡೌನ್ ಅಥವಾ ಕ್ರಿಸ್ಪರ್‌ಐ ನೋಡಿ.

ನಾಕ್‌ಡೌನ್‌ನಲ್ಲಿ ಆ ಜೀನ್‌ನ ಡಿಎನ್‌ಎ ಮುಟ್ಟುವುದೇ ಇಲ್ಲ. ಜೀನ್‌ನಿಂದ ಹೊರಟ ಸಂದೇಶವನ್ನು, ಅಂದರೆ ಆರ್‌ಎನ್‌ಎಯನ್ನು, ದಾರಿಯಲ್ಲೇ ಹಾಳುಮಾಡುತ್ತಾರೆ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಕಂಡ ಸಂಗತಿ ಇದು. ಎಸ್‌ಐ‌ಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎ ತುಣುಕನ್ನು ಕೋಶಕ್ಕೆ ಹಾಕಿದರೆ ಅದರ ಪ್ರಭಾವ ಕೆಲವು ದಿನ ಇರುತ್ತದೆ, ಆಮೇಲೆ ಕೋಶ ಮೊದಲಿನಂತಾಗುತ್ತದೆ. ಜಾಸ್ತಿ ದಿನ ಬೇಕೆಂದರೆ ಅದೇ ಕೆಲಸ ಮಾಡುವ ಶಾರ್ಟ್ ಹೇರ್‌ಪಿನ್ ಆರ್‌ಎನ್‌ಎ ಮಾಡಿಸುವ ತುಣುಕನ್ನು ಲೆಂಟಿವೈರಸ್ ಮೂಲಕ ಕೋಶದ ಡಿಎನ್‌ಎಯಲ್ಲಿ ಸೇರಿಸಬೇಕು. ಏನೇ ಮಾಡಿದರೂ ನಾಕ್‌ಡೌನ್‌ನಲ್ಲಿ ಪ್ರೋಟೀನ್ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕ್ರಿಸ್ಪರ್‌ಐನಲ್ಲಿ ಕತ್ತರಿಸುವ ಶಕ್ತಿ ಇಲ್ಲದ ಕ್ಯಾಸ್9 ಜೀನ್‌ನ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅದನ್ನು ತೆಗೆದರೆ ಬಾಗಿಲು ತೆರೆಯುತ್ತದೆ. 

ನನ್ನನ್ನು ಕೇಳಿದರೆ ಹೀಗೆ ಮಾಡಿ. ದೊಡ್ಡ ಹಣ ಹಾಕುವ ಮೊದಲು ಎಸ್‌ಐ‌ಆರ್‌ಎನ್‌ಎ ತಂದು ನಿಮ್ಮ ಲ್ಯಾಬ್‌ನಲ್ಲೇ ಒಂದು ವಾರ ನೋಡಿ. ಅದಕ್ಕೆ ದೊಡ್ಡ ಉಪಕರಣ ಬೇಡ. ಕೋಶ ಸಾಯುತ್ತದೋ, ನಿಧಾನವಾಗುತ್ತದೋ, ಏನೂ ಆಗುವುದಿಲ್ಲವೋ ಎಂಬ ಸುಳಿವು ಸಿಗುತ್ತದೆ. ಕೋಶ ಬದುಕಿದರೆ ಆಮೇಲೆ ನಾಕೌಟ್‌ಗೆ ಹೋಗಿ.

ಪೂಲ್ ಅಂದರೆ ಕತ್ತರಿ ಹಾಕಿದ ಎಲ್ಲ ಕೋಶಗಳ ಗುಂಪು. ಬೇಗ ಸಿಗುತ್ತದೆ, ಕಡಿಮೆ ಖರ್ಚು. ಆದರೆ ಒಳಗೆ ಕತ್ತರಿಸದ ಕೋಶಗಳೂ ಇರುತ್ತವೆ, ದಿನ ಕಳೆದಂತೆ ಅವೇ ಜಾಸ್ತಿಯಾಗಬಹುದು. ಕ್ಲೋನ್ ಅಂದರೆ ಒಂದೇ ಕೋಶದಿಂದ ಬೆಳೆಸಿದ್ದು. 96 ಗುಳಿಯ ತಟ್ಟೆಯಲ್ಲಿ ಗುಳಿಗೊಂದು ಕೋಶ ಹಾಕಿ, ಎರಡು ಮೂರು ವಾರ ಕಾದು, ಒಂದೊಂದನ್ನೂ ಪರೀಕ್ಷಿಸಬೇಕು. ಪಿಎಚ್.ಡಿಗೆ ಕ್ಲೋನೇ ಬೇಕು. ಒಂದಲ್ಲ, ಬೇರೆ ಬೇರೆಯಾಗಿ ಬೆಳೆದ ಎರಡು. ಒಂದೇ ಕ್ಲೋನ್‌ನಲ್ಲಿ ಕಂಡದ್ದು ಜೀನ್‌ನಿಂದ ಆದದ್ದೋ, ಆ ಒಂದು ಕೋಶದ ಸ್ವಭಾವವೇ ಹಾಗಿತ್ತೋ ಎಂದು ಹೇಳಲು ಬರುವುದಿಲ್ಲ. ಯಾವ ಜೀನ್‌ಗೂ ತಾಗದ ಗೈಡ್ ಹಾಕಿದ ಕೋಶಗಳನ್ನೂ ಜೊತೆಗೆ ಕೇಳಿ. ಹೋಲಿಸಲು ಅವು ಬೇಕು.

ಹಣ ಕೊಡುವ ಮೊದಲು ಇದನ್ನೆಲ್ಲ ಬರಹದಲ್ಲಿ ತೆಗೆದುಕೊಳ್ಳಿ. ಜೀನ್‌ನ ಎಲ್ಲ ಪ್ರತಿಗಳ ಅಕ್ಷರಗಳನ್ನು ಬೇರೆಬೇರೆಯಾಗಿ ಓದಿ ತೋರಿಸಬೇಕು. ಎಲ್ಲ ಪ್ರತಿಗಳ ಗೆರೆಗಳು ಒಂದರ ಮೇಲೊಂದು ಬಿದ್ದ ಚಿತ್ರ ಕಳಿಸಿದರೆ ಸಾಲದು. ಪ್ರೋಟೀನ್ ಇಲ್ಲ ಎಂಬುದಕ್ಕೆ ವೆಸ್ಟರ್ನ್ ಬ್ಲಾಟ್ ಬೇಕು. ಆರ್‌ಎನ್‌ಎ ಅಳೆದ ಲೆಕ್ಕ ನಾಕ್‌ಡೌನ್‌ಗೆ ಸರಿ. ನಾಕೌಟ್‌ಗೆ ಅದೊಂದೇ ಪುರಾವೆ ಆಗುವುದಿಲ್ಲ, ಏಕೆಂದರೆ ಜೀನ್ ಕೆಟ್ಟಿದ್ದರೂ ಆರ್‌ಎನ್‌ಎ ಹೊರಡುತ್ತಿರಬಹುದು. ಗೈಡ್‌ಗೆ ಹೋಲುವ ಬೇರೆ ಜಾಗಗಳಲ್ಲಿ ಕತ್ತರಿ ಬಿದ್ದಿದೆಯೋ ನೋಡಿದ್ದಾರಾ ಎಂದು ಕೇಳಿ. ಕ್ಲೋನ್ ಸಿಗದಿದ್ದರೆ ಹಣದ ಕತೆ ಏನು? ಆ ಕೋಶಗಳನ್ನು ನೀವು ಬೇರೆ ಲ್ಯಾಬ್‌ಗೆ ಕೊಡಬಹುದಾ? ಕ್ರಿಸ್ಪರ್ ಮೇಲೆ ಪೇಟೆಂಟ್‌ಗಳಿವೆ, ಹಾಗಾಗಿ ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ.

ನಿಮ್ಮ ಕಡೆಯ ಕೆಲಸವೂ ಇದೆ. ಹೆಪ್ಪು ಕೆಟ್ಟಿದ್ದರೆ ಎಷ್ಟು ಒಳ್ಳೆಯ ಹಾಲು ಹಾಕಿದರೂ ಮೊಸರು ಲೋಳೆಯಾಗುತ್ತದೆ. ಕೋಶ ಕಳಿಸುವ ಮೊದಲು ಅದರಲ್ಲಿ ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ ಸೇರಿದೆಯೋ ಎಂದು ಪರೀಕ್ಷೆ ಮಾಡಿಸಿ. ಬೇರೆ ಬ್ಯಾಕ್ಟೀರಿಯಾ ಸೇರಿದರೆ ದ್ರವ ಕದಡಿ ಗೊತ್ತಾಗುತ್ತದೆ. ಇದು ಕದಡುವುದಿಲ್ಲ. ಇದಕ್ಕೆ ಕೋಶಗೋಡೆ ಇಲ್ಲ, ಹಾಗಾಗಿ ಪೆನಿಸಿಲಿನ್ ತಾಗುವುದಿಲ್ಲ. ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತು ಕೋಶದ ಸ್ವಭಾವವನ್ನೇ ಬದಲಿಸುತ್ತದೆ. ಇನ್ನೊಂದು, ನಿಮ್ಮ ಕೋಶ ನೀವು ಅಂದುಕೊಂಡ ಕೋಶವೇನಾ? 1966ರಲ್ಲಿ ಸ್ಟಾನ್ಲಿ ಗಾರ್ಟ್ಲರ್ ಎಂಬ ವಿಜ್ಞಾನಿ, ಬೇರೆ ಬೇರೆ ಹೆಸರಿನ 18 ಸೆಲ್ ಲೈನ್‌ಗಳು ನಿಜವಾಗಿ ಹೀಲಾ ಎಂಬ ಒಂದೇ ಕ್ಯಾನ್ಸರ್ ಸೆಲ್ ಲೈನ್‌ನ ಕೋಶಗಳು ಎಂದು ತೋರಿಸಿದರು (ಹೀಲಾದ ಕತೆ ಮುಂದಿನ ಉತ್ತರದಲ್ಲಿದೆ). ಹೀಗೆ ಅದಲುಬದಲಾದ ಸೆಲ್ ಲೈನ್‌ಗಳ ಪಟ್ಟಿ ಈಗ ನೂರಾರು ಆಗಿದೆ. ಎಸ್‌ಟಿಆರ್ ಎಂಬ ಡಿಎನ್‌ಎ ಗುರುತಿನ ಪರೀಕ್ಷೆಯಲ್ಲಿ ಇದು ತಿಳಿಯುತ್ತದೆ. ‘ಪಕ್ಕದ ಲ್ಯಾಬ್‌ನಿಂದ ಇಸ್ಕೊಂಡದ್ದು’ ಆದರೆ ಪರೀಕ್ಷೆ ಮಾಡಿಸಲೇಬೇಕು. ಅನುಮಾನವಿದ್ದರೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಹೊಸದು ತರಿಸಿ.

ಕಾಗದಪತ್ರ. ಜೀನ್ ಬದಲಿಸಿದ ಕೋಶಗಳೂ, ಜೀನ್ ಬದಲಿಸಿದ ಜೀವಿಗಳ ಬಗ್ಗೆ ಕೇಂದ್ರ ಸರ್ಕಾರ ಮಾಡಿದ 1989ರ ನಿಯಮಗಳ ಕೆಳಗೆ ಬರುತ್ತವೆ. ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ಮೊದಲೇ ತಿಳಿಸಿ. ವಯಲ್ ಬಾಗಿಲಿಗೆ ಬಂದ ಮೇಲೆ ಅರ್ಜಿ ಬರೆಯುವುದು ಬೇಡ.

ಸಾಗಣೆ ಬಗ್ಗೆ ಒಂದು ಮಾತು, ಇದು ಮಲೆನಾಡಿನವರಿಗೆ ಮುಖ್ಯ. ಹೆಪ್ಪುಗಟ್ಟಿದ ಕೋಶಗಳು ಡ್ರೈ ಐಸ್‌ನಲ್ಲಿ ಬರುತ್ತವೆ. ಅದರ ತಂಪು ಮೈನಸ್ 78 ಡಿಗ್ರಿ. ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ಗಾಳಿಯಾಗಿ ಹೋಗುತ್ತದೆ. ಬಾಕ್ಸ್ ಶನಿವಾರ ಬಂದು ಯಾರದೋ ಆಫೀಸಿನ ಮೂಲೆಯಲ್ಲಿ ಸೋಮವಾರದವರೆಗೆ ಕೂತರೆ ಕೋಶಗಳು ಉಳಿಯುವುದಿಲ್ಲ. ಸೋಮವಾರವೋ ಮಂಗಳವಾರವೋ ಕಳಿಸಲು ಹೇಳಿ. ಬಂದ ಕೂಡಲೇ ದ್ರವ ಸಾರಜನಕಕ್ಕೆ ಹಾಕಿ, ಅಲ್ಲಿ ಮೈನಸ್ 196 ಡಿಗ್ರಿ. ಒಂದು ವಯಲ್ ಮಾತ್ರ ಕರಗಿಸಿ ಬೆಳೆಸಿ. ಅದರಿಂದ ಹತ್ತು ವಯಲ್ ಮಾಡಿ ಇಟ್ಟುಕೊಳ್ಳಿ, ಒಂದೇ ಕಡೆ ಇಡಬೇಡಿ. ಆಮೇಲೆ ಪ್ರಯೋಗ ಶುರುಮಾಡಿ. ಪ್ರಯೋಗದ ಮೊದಲ ವಾರದಲ್ಲೇ ನಿಮ್ಮ ಕೈಯಾರೆ ಒಂದು ವೆಸ್ಟರ್ನ್ ಬ್ಲಾಟ್ ಮಾಡಿ. ಅವರ ರಿಪೋರ್ಟ್ ಎಷ್ಟೇ ಚೆನ್ನಾಗಿರಲಿ, ಮಾಡಿ. ನಾವು ಆರು ತಿಂಗಳು ತಡವಾಗಿ ಮಾಡಿದೆವು.

ಉಪಕರಣದ ವಿಷಯಕ್ಕೆ ಬಂದರೆ, ಬೆಂಗಳೂರಿನ ಸಿ-ಕ್ಯಾಂಪ್‌ನಂಥ ಸರ್ಕಾರಿ ನೆರವಿನ ಸಂಸ್ಥೆಗಳು ಹೊರಗಿನ ಸಂಶೋಧಕರಿಗೂ ಸೇವೆ ಕೊಡುತ್ತವೆ. ಖಾಸಗಿ ಕಂಪನಿಯ ದರ ಬಂದ ಮೇಲೆ ಅಲ್ಲಿಯೂ ಒಮ್ಮೆ ವಿಚಾರಿಸಿ.

ಪ್ರಶ್ನೆ: ಸಾಗರದಲ್ಲಿ ಶಿಕ್ಷಕಿ. ಹೋದ ವರ್ಷ ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದರು. ಆಗ ತುಂಬ ಕಾಗದಗಳಿಗೆ ಸಹಿ ಹಾಕಿದೆ, ಏನಿತ್ತು ಎಂದು ಓದಲಿಲ್ಲ. ಆರು ತಿಂಗಳ ಮೇಲೆ ಅಮ್ಮ ತೀರಿಕೊಂಡರು. ಈಚೆಗೆ ಹೀಲಾ ಕೋಶಗಳ ಬಗ್ಗೆ ಎಲ್ಲೋ ಓದಿದೆ. ನನ್ನ ಅಮ್ಮನ ಕೋಶಗಳೂ ಯಾವುದೋ ಲ್ಯಾಬ್‌ನಲ್ಲಿ ಬೆಳೆಯುತ್ತಿರಬಹುದಾ? ರಾತ್ರಿ ಇದೇ ಯೋಚನೆ.

ಉತ್ತರ: ಅಮ್ಮ ಇಲ್ಲದ ಮೊದಲ ವರ್ಷ ಹೇಗಿರುತ್ತದೆ ಎಂದು ನನಗೆ ಗೊತ್ತು. ನಿಮ್ಮ ಪ್ರಶ್ನೆಗೆ ನೇರವಾದ ಉತ್ತರ, ಹಾಗಿರುವ ಸಾಧ್ಯತೆ ತೀರಾ ಕಡಿಮೆ.

ಆಪರೇಷನ್‌ನಲ್ಲಿ ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಕಳಿಸುವಾಗ ಫಾರ್ಮಾಲಿನ್‌ನಲ್ಲಿ ಹಾಕುತ್ತಾರೆ. ಹಾಕಿದಾಗಲೇ ಕೋಶಗಳು ಸಾಯುತ್ತವೆ. ಆಮೇಲೆ ಮೇಣದ ಗಟ್ಟಿಯಲ್ಲಿ ಕೂರಿಸಿ, ತೆಳುವಾಗಿ ಹೆರೆದು, ಬಣ್ಣ ಹಾಕಿ ನೋಡುತ್ತಾರೆ. ಆ ಮೇಣದ ತುಂಡು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇರಬಹುದು. ಅದರಲ್ಲಿ ಬೆಳೆಯುವ ಜೀವ ಇರುವುದಿಲ್ಲ. ಸೆಲ್ ಲೈನ್ ಮಾಡಬೇಕೆಂದರೆ ಹಸಿ ತುಂಡನ್ನು ಆಗಿಂದಾಗ್ಗೆ ಲ್ಯಾಬ್‌ಗೆ ಒಯ್ಯಬೇಕು. ಒಯ್ದರೂ ಹೆಚ್ಚಿನವು ಬೆಳೆಯುವುದಿಲ್ಲ. ಕೆಲವು ದಿನ ಇದ್ದು ನಿಲ್ಲುತ್ತವೆ. ವರ್ಷಗಟ್ಟಲೆ ಕೋಶ ಬೆಳೆಸಿದ ನಾನು ಹೇಳುತ್ತಿದ್ದೇನೆ, ಗಡ್ಡೆಯಿಂದ ಹೊಸ ಸೆಲ್ ಲೈನ್ ಮಾಡುವುದು ಸುಲಭದ ಮಾತಲ್ಲ.

ಹೀಲಾ ಕತೆ ನಿಜ. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಅಮೆರಿಕನ್ ತಾಯಿಯದು ಅದು. 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಅವರ ಗರ್ಭಕೊರಳಿನ ಗಡ್ಡೆಯಿಂದ ಕೋಶ ತೆಗೆದರು, ಅವರನ್ನು ಕೇಳಲಿಲ್ಲ. ಅದೇ ವರ್ಷ ಅಕ್ಟೋಬರ್ 4ರಂದು, 31ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಮಕ್ಕಳಿಗೆ ಈ ವಿಷಯ ತಿಳಿದದ್ದು 20 ವರ್ಷ ದಾಟಿದ ಮೇಲೆ. ಪೋಲಿಯೋ ಲಸಿಕೆಯ ಪರೀಕ್ಷೆಗೆ ಆ ಕೋಶಗಳು ಬಳಕೆಯಾದವು. ಇವತ್ತು ಜೀನ್ ನಿಲ್ಲಿಸುವ ಸೇವೆ ಕೊಡುವ ಹೆಚ್ಚುಕಡಿಮೆ ಎಲ್ಲ ಲ್ಯಾಬ್‌ಗಳಲ್ಲೂ ಅವು ಇವೆ. 2023ರಲ್ಲಿ ಒಂದು ದೊಡ್ಡ ಕಂಪನಿ ಆ ಕುಟುಂಬದ ಜೊತೆ ರಾಜಿ ಮಾಡಿಕೊಂಡಿತು. ನಾನು ಮೊದಲ ಸಲ ಹೀಲಾ ಬಾಟಲಿ ಹಿಡಿದಾಗ ಅದು ನನಗೆ ಒಂದು ಹೆಸರು ಅಷ್ಟೇ ಆಗಿತ್ತು. ಆ ತಾಯಿಯ ಬಗ್ಗೆ ತಿಳಿದ ದಿನದಿಂದ ಹೊಸದಾಗಿ ಬಂದ ಪ್ರತಿ ಹುಡುಗ ಹುಡುಗಿಗೂ ಬಾಟಲಿ ಕೊಡುವ ಮೊದಲು ಅವರ ಹೆಸರು ಹೇಳುತ್ತಿದ್ದೆ.

ನಮ್ಮ ದೇಶದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ಸಂಶೋಧನೆಗೆ ದೇಹದ ತುಣುಕು ಬಳಸಬೇಕೆಂದರೆ ಒಪ್ಪಿಗೆ ಪಡೆಯಬೇಕು, ಸಂಸ್ಥೆಯ ನೈತಿಕ ಸಮಿತಿ ನೋಡಬೇಕು. ನೀವು ಸಹಿ ಹಾಕಿದ ಕಾಗದದ ಪ್ರತಿ ಕೇಳುವ ಹಕ್ಕು ನಿಮಗಿದೆ. ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ‘ಸಂಶೋಧನೆಗೆ ಒಪ್ಪಿಗೆ’ ಎಂಬ ಕಾಗದ ಅದರಲ್ಲಿ ಇದೆಯೋ ನೋಡಿ. ಆ ಮೇಣದ ತುಂಡು ಕೇಳಿದರೂ ಸಾಮಾನ್ಯವಾಗಿ ಕೊಡುತ್ತಾರೆ. ಬೇಕೋ ಬೇಡವೋ ನಿಧಾನವಾಗಿ ಯೋಚಿಸಿ. ನಿಮಗೂ ಅಕ್ಕತಂಗಿಯರಿಗೂ ಮುಂದೆ ಜೀನ್ ಪರೀಕ್ಷೆ ಬೇಕಾದರೆ ಅದು ಉಪಯೋಗಕ್ಕೆ ಬರಬಹುದು. ಆದ್ದರಿಂದ ಅಲ್ಲೇ ಜೋಪಾನವಾಗಿ ಇರಲಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಸೊರಬದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ನಮ್ಮ ಕಡೆ ಮಂಗನ ಕಾಯಿಲೆ ಬರುತ್ತದೆ. ಜೀನ್ ನಿಲ್ಲಿಸುವ ವಿದ್ಯೆ ಇಷ್ಟು ಮುಂದುವರಿದಿದೆಯಲ್ಲ, ಅದರಿಂದ ಈ ಕಾಯಿಲೆಗೆ ಏನಾದರೂ ಮಾಡಬಹುದಾ?

ಉತ್ತರ: ನಿನ್ನ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಈ ವೈರಸ್‌ನ ಹೆಸರಿನಲ್ಲೇ ನಿನ್ನ ತಾಲ್ಲೂಕಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು. ಹಾಗೆ ಗುರುತಾದದ್ದು ಇದು. ಡೆಂಗಿ, ಝೀಕಾ ವೈರಸ್‌ಗಳ ಕುಟುಂಬಕ್ಕೇ ಸೇರಿದ್ದು. ಹರಡುವುದು ಮಾತ್ರ ಉಣುಗಿನಿಂದ.

ಈ ಕುಟುಂಬದ ವೈರಸ್‌ಗಳ ಹತ್ತಿರ ಇರುವುದು ಸುಮಾರು 11,000 ಅಕ್ಷರದ ಒಂದು ಆರ್‌ಎನ್‌ಎ. ಅದರಿಂದ ಆಗುವುದು 10 ಪ್ರೋಟೀನ್ ಮಾತ್ರ. ಉಳಿದದ್ದಕ್ಕೆಲ್ಲ ನಮ್ಮ ಕೋಶವನ್ನೇ ನಂಬಿದೆ. ಹಾಗಾದರೆ ನಮ್ಮ 20,000 ಜೀನ್‌ಗಳಲ್ಲಿ ಯಾವುದು ಇಲ್ಲದಿದ್ದರೆ ವೈರಸ್ ಬೆಳೆಯುವುದಿಲ್ಲ? ಇದನ್ನು ಹುಡುಕುವ ದಾರಿ ತುಂಬ ಚೆನ್ನಾಗಿದೆ. ಕೋಟ್ಯಂತರ ಕೋಶ ತಗೊಂಡು, ಒಂದೊಂದರಲ್ಲಿ ಒಂದೊಂದು ಜೀನ್ ನಿಲ್ಲುವಂತೆ ಕ್ರಿಸ್ಪರ್ ಹಾಕುತ್ತಾರೆ. ಆಮೇಲೆ ವೈರಸ್ ಬಿಡುತ್ತಾರೆ. ಹೆಚ್ಚಿನ ಕೋಶಗಳು ಸಾಯುತ್ತವೆ. ಉಳಿದವುಗಳಲ್ಲಿ ಯಾವ ಜೀನ್ ನಿಂತಿತ್ತು ಎಂದು ಓದುತ್ತಾರೆ. 2016ರಲ್ಲಿ ಡೆಂಗಿ, ವೆಸ್ಟ್ ನೈಲ್ ವೈರಸ್‌ಗಳಿಗೆ ಹೀಗೆ ಮಾಡಿದಾಗ, ಕೋಶದ ಒಳಗೆ ಪ್ರೋಟೀನ್‌ಗಳನ್ನು ಕತ್ತರಿಸಿ ಸಿದ್ಧಮಾಡುವ ಒಂದು ಗುಂಪಿನ ಜೀನ್‌ಗಳು ಸಿಕ್ಕವು. ಅವಿಲ್ಲದೆ ವೈರಸ್ ಬೆಳೆಯಲಿಲ್ಲ, ಕೋಶ ಬದುಕಿತು. ಮನುಷ್ಯರ ಜೀನ್ ತೆಗೆಯಬೇಕೆಂದು ಇದರ ಅರ್ಥವಲ್ಲ. ಔಷಧ ಎಲ್ಲಿ ತಾಗಿಸಬೇಕು ಎಂಬುದಕ್ಕೆ ಇದು ಗುರುತು.

ಮಂಗನ ಕಾಯಿಲೆಯ ಜೀವಂತ ವೈರಸ್ ಮುಟ್ಟಲು ಅತಿ ಭದ್ರತೆಯ ಲ್ಯಾಬ್ ಬೇಕು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಅಂಥದ್ದಿದೆ. ಹಾಗಾಗಿ ಡೆಂಗಿಯಷ್ಟು ಜನ ಇದರ ಮೇಲೆ ಕೆಲಸ ಮಾಡುತ್ತಿಲ್ಲ. ಬಡವರ, ಕಾಡಂಚಿನವರ ಕಾಯಿಲೆ ಎಂಬುದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಅದು ನನಗೆ ಬೇಸರದ ವಿಷಯ.

ನಿನಗೆ ಇನ್ನೊಂದು ಸಂಗತಿ ಹೇಳಬೇಕು. ವೈರಸ್ ಬೆಳೆಸಲು ಲ್ಯಾಬ್‌ಗಳು ಹೆಚ್ಚು ಬಳಸುವ ಸೆಲ್ ಲೈನ್ ವೀರೋ. 1962ರಲ್ಲಿ ಜಪಾನಿನ ಚಿಬಾದಲ್ಲಿ ಆಫ್ರಿಕಾದ ಹಸಿರು ಮಂಗದ ಮೂತ್ರಪಿಂಡದಿಂದ ಮಾಡಿದ್ದು. ವೈರಸ್ ಬಂತು ಎಂದು ಕೂಗಿ ಎಚ್ಚರಿಸುವ ಇಂಟರ್‌ಫೆರಾನ್ ಜೀನ್‌ಗಳ ಒಂದು ಗುಂಪು ಆ ಕೋಶಗಳಲ್ಲಿ ತಾನಾಗಿಯೇ ಕಳೆದುಹೋಗಿದೆ. ಯಾರೂ ಕತ್ತರಿ ಹಾಕಲಿಲ್ಲ. ಅದಕ್ಕೇ ಅವುಗಳಲ್ಲಿ ವೈರಸ್ ಸಲೀಸಾಗಿ ಬೆಳೆಯುತ್ತದೆ. ಜೀವಶಾಸ್ತ್ರವನ್ನು ಬಿಡಬೇಡ. ಪರೀಕ್ಷೆ ಮುಗಿದ ಮೇಲೆ ನನಗೆ ಮತ್ತೆ ಬರೆ. ಬೇಸಿಗೆಯಲ್ಲಿ ಕಾಡಿಗೆ ಹೋದರೆ ಮೈತುಂಬ ಬಟ್ಟೆ ಹಾಕಿಕೋ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸು.

ಪ್ರಶ್ನೆ: ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಈ ಲ್ಯಾಬ್‌ಗಳವರು ಜೀನ್ ಬದಲಿಸಿ ಸಸಿ ಮಾಡಿಕೊಡುತ್ತಾರಾ? ಒಬ್ಬರು ಮುಂಗಡ ಕೇಳುತ್ತಿದ್ದಾರೆ. (ಹೊಸನಗರದ ಕಡೆಯ ರೈತರು)

ಉತ್ತರ: ಮುಂಗಡ ಕೊಡಬೇಡಿ. ಸೆಲ್ ಲೈನ್ ಲ್ಯಾಬ್‌ನಲ್ಲಿ ಕೋಶ ಕೋಶವಾಗಿಯೇ ಉಳಿಯುತ್ತದೆ. ಗಿಡಕ್ಕೆ ಹಾಗಲ್ಲ. ಬದಲಿಸಿದ ಒಂದು ಕೋಶದಿಂದ ಪೂರಾ ಗಿಡ ಬೆಳೆಸಬೇಕು, ಅದು ಫಸಲಿಗೆ ಬರಬೇಕು. ಅಡಿಕೆಗೆ ಅದೊಂದಕ್ಕೇ ಐದಾರು ವರ್ಷ ಬೇಕು. ಭತ್ತದಲ್ಲಿ ಆಗಿದೆ. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ‘ಕಮಲಾ’ ಎಂಬ ಜೀನ್ ಬದಲಿಸಿದ ತಳಿಯನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಅಲ್ಲಿಯೂ ಮಾಡಿದ್ದು ಒಂದು ಜೀನ್‌ನ ಕೆಲಸ ತಗ್ಗಿಸುವುದನ್ನೇ, ಅದರಿಂದ ತೆನೆಯಲ್ಲಿ ಕಾಳು ಹೆಚ್ಚಾಯಿತು. ಎಲೆಚುಕ್ಕೆ ತಾಗದ ಅಡಿಕೆ ಸಸಿ ಹೀಗೆ ಮಾಡಿ ಮಾರುವವರು ಇವತ್ತು ಯಾರೂ ಇಲ್ಲ. ಹಾಗೆ ಹೇಳಿಕೊಂಡು ಬಂದವರನ್ನು ನಂಬಬೇಡಿ. ಚುಕ್ಕೆ ಬಿದ್ದ ಸೋಗೆಯ ಒಂದೆರಡು ಎಲೆಯನ್ನು ಕಾಗದದ ಕವರಿನಲ್ಲಿ ಹಾಕಿ, ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ತಗೊಂಡು ಹೋಗಿ, ಸಸ್ಯರೋಗದ ವಿಭಾಗದವರಿಗೆ ತೋರಿಸಿ.